ಕೂಗದೆ ಬಿಟ್ಟ ಹೆಸರು

ಎಂವಿಪಿ ಕಾಲೋನಿ, ವಿಶಾಖಪಟ್ಟಣ
೨೯ ಸೆಪ್ಟೆಂಬರ್ ೧೯೯೧

ಪ್ರಿಯ ಇಂದುಧರ,

ಕಟ್ಟಿದ ಕಥೆಯಾಗಿದ್ದರೆ ಕಾರಣವನ್ನೂ ಕಟ್ಟಿರುತ್ತಿದ್ದರು ಎಂದೋ ಏನೋ ಹೇಳಿದ್ದೆ ನೀನು, ಗವರ್ನರ್‌ಪೇಟೆಯ ಆ ಹೋಟೆಲಿನಲ್ಲಿ, ಪೆಸರಟ್ಟು ತಣ್ಣಗಾಗುತ್ತಿದ್ದಾಗ. ನೀನು ವಿಜಯವಾಡದ ಹುಡುಗರಿಗೆ ಪಾಠ ಮಾಡುವ ಹಳೆಯ ಇಂಗ್ಲಿಷ್ ಕಥೆಯ ವಿಷಯ. ಒಬ್ಬ ತನ್ನ ವೈರಿಯನ್ನು ನಗುನಗುತ್ತ ನೆಲಮಾಳಿಗೆಗೆ ಕರೆದೊಯ್ದು, ಜೀವಂತವಾಗಿ ಗೋಡೆಯೊಳಗಿಟ್ಟು ಮುಚ್ಚುತ್ತಾನೆ. ವೈರಿಯ ತಪ್ಪೇನೆಂದು ಕೊನೆಗೂ ಹೇಳುವುದಿಲ್ಲ. ಅದಕ್ಕೇ ಅದು ನಡೆದದ್ದೇ ಇರಬೇಕು ಎಂದು ನಿನ್ನ ವಾದ. ಯಾವುದೋ ಕೋಟೆಯಲ್ಲಿ ಅಸ್ಥಿಪಂಜರ ಸಿಕ್ಕಿತ್ತಂತೆ, ಸಿಕ್ಕಿರಲಿಲ್ಲವಂತೆ. ಬೇಸಿಗೆಯಲ್ಲೇ ನೀನು ಬರೆದು ಕೇಳಿದೆ: "ಫರ್ನೇಸ್ ಕಟ್ಟೋರು ನೀವು. ನಿಮ್ಮಲ್ಲಿ ಇಂಥದ್ದು ನಡೆದದ್ದುಂಟೇನೋ?" ಉತ್ತರ ಇಷ್ಟು ತಡವಾದದ್ದಕ್ಕೆ ಬೇಸರಿಸಬೇಡ.

ಅಮ್ಮನ ಮಂಡಿನೋವು ಹಾಗೇ ಇದೆ. ನೀನು ಕಳಿಸಿದ ಮಂಗಳಗಿರಿ ಸೀರೆ ಇನ್ನೂ ಮಡಿಕೆ ಬಿಚ್ಚಿಲ್ಲ.

ನನ್ನ ತಮ್ಮ ಶ್ರೀಪಾದ ಕಾಣೆಯಾದದ್ದು ನಿನಗೆ ಗೊತ್ತು. ಹೇಗೆಂದು ನಾನು ಹೇಳಿರಲಿಲ್ಲ. ಇಲ್ಲಿ ಫರ್ನೇಸ್ ಕಟ್ಟುವವರಲ್ಲಿ ಒಂದು ಪದ್ಧತಿ. ಹೊಗೆ ಒಯ್ಯುವ ಸುರಂಗದ ಕೊನೆಯ ಕಿಂಡಿ ಮುಚ್ಚುವ ಮೊದಲು, ಅಂದು ಒಳಗೆ ಕೆಲಸ ಮಾಡಿದವರ ಹೆಸರನ್ನೆಲ್ಲ ಮೇಸ್ತ್ರಿ ಆ ಕತ್ತಲೆಯೊಳಕ್ಕೆ ಕೂಗುತ್ತಾನೆ. ಹೊರಗೆ ನಿಂತವರು ಓ ಎನ್ನಬೇಕು. ಆಮೇಲೆ ಇಟ್ಟಿಗೆ. ಕಾಣೆಯಾದ ದಿನ ಬೆಳಿಗ್ಗೆ, ಅಲ್ಲೇ ಮೇಲ್ವಿಚಾರಕನಾಗಿದ್ದ ಶ್ರೀಪಾದ, ಕಾಮೇಶ್ವರ ಮೇಸ್ತ್ರಿ ಕಟ್ಟಿದ ಕಮಾನನ್ನು ಅವನ ಆಳುಗಳ ಎದುರೇ ಒಡೆಸಿದ್ದ. "ನಿನ್ನ ಕೈಗಿಂತ ಕಾಲೇ ವಾಸಿ" ಅಂದಿದ್ದನಂತೆ. "ಈ ಮನುಷ್ಯನ ಹೆಸರು ಇನ್ನು ನನ್ನ ಬಾಯಲ್ಲಿ ಬರೋದಿಲ್ಲ" ಎಂದ ಕಾಮೇಶ್ವರ. ಸಂಜೆ ಎಲ್ಲರ ಹೆಸರು ಕೂಗಿದ, ಶ್ರೀಪಾದನದನ್ನು ಬಿಟ್ಟ. ಕಿಂಡಿ ಮುಚ್ಚಿತು. ಶ್ರೀಪಾದ ಮನೆಗೆ ಬರಲಿಲ್ಲ.

ನಕ್ಷೆ ಬದಲಾಗಿ ಆ ಸುರಂಗಕ್ಕೆ ಬೆಂಕಿಯನ್ನೇ ಹಾಕಲಿಲ್ಲ. ಹಾಗಾಗಿ ಅವನು ಒಳಗೇ ಇದ್ದಾನೆ ಎಂಬ ಮಾತು ಬೆಳೆಯಿತು. ಸಾಹೇಬರು ಮಧ್ಯಾಹ್ನವೇ ಹೊರಟುಹೋದರು ಎಂದು ಕಾಮೇಶ್ವರ ಪೊಲೀಸರಿಗೆ ಹೇಳಿದ್ದನ್ನು ಯಾರೂ ನಂಬಲಿಲ್ಲ. ಗೋಡೆ ಒಡೆಯಲು ಯಾರೂ ಒಪ್ಪಲೂ ಇಲ್ಲ. ಸಂತೆಯಲ್ಲಿ ಅವನು ಕಂಡರೆ ಅಮ್ಮ ನಿಂತುಬಿಡುತ್ತಿದ್ದಳು. "ನನ್ನ ಮಗನ್ನ ಗೋಡೆಯೊಳಗಿಟ್ಟು ಬದನೆಕಾಯಿ ಆರಿಸ್ತೀಯೇನೋ." ಅವನಿಗೆ ಕನ್ನಡ ಬಾರದು. ಚೀಲ ಮಡಿಸಿಕೊಂಡು ಹೋಗುತ್ತಿದ್ದ.

ಈ ತಿಂಗಳು ಹೊಸ ಕೊಳವೆಗೆಂದು ಆ ಗೋಡೆ ಒಡೆದರು. ಕಾಮೇಶ್ವರ ನಿವೃತ್ತನಾಗಿದ್ದರೂ ಬಂದಿದ್ದ. ಹಾರೆ ತಾನೇ ಹಿಡಿದ. ಕಿಂಡಿ ಬಿಟ್ಟುಕೊಂಡಾಗ ಪಕ್ಕಕ್ಕೆ ಸರಿದ.

"ನೀವೇ ನೋಡಿ, ಉಮಾಶಂಕರಗಾರು."

ಟಾರ್ಚ್ ಹಿಡಿದು ಆಚೆ ತುದಿಯವರೆಗೆ ನಡೆದೆ. ಪುಡಿ, ಒಂದು ಗೋಣಿತಟ್ಟು, ಬೇರೇನೂ ಇಲ್ಲ. ಹೊರಬಂದಾಗ ಅವನು ನನ್ನ ಮುಖ ನೋಡಿದ. ಆಮೇಲೆ ತೆಲುಗಿನಲ್ಲಿ ಇಷ್ಟೇ ಅಂದ: "ಅಮ್ಮಗಾರಿಗೆ ಹೇಳ್ತೀರಾ?" ಹೇಳುತ್ತೇನೆ ಎಂದೆ.

ಆದ್ದರಿಂದ ನಿನ್ನ ಪ್ರಶ್ನೆಗೆ ಉತ್ತರ: ಇಲ್ಲ, ನಮ್ಮಲ್ಲಿ ನಡೆದಿಲ್ಲ. ನಿನ್ನ ಹುಡುಗರಿಗೆ ಅದು ಬರೀ ಕಥೆ ಎಂದೇ ಹೇಳು. ಮಂಗಳಾಗೌರಿಯವರಿಗೆ ನಮಸ್ಕಾರ, ಮಕ್ಕಳು ಎಲ್ಲಿದ್ದರೂ ತಣ್ಣಗಿರಲಿ.

ನಿನ್ನ,
ಉಮಾಶಂಕರ

ಮರೆತ ಮಾತು: ಅಮ್ಮನಿಗೆ ಹೇಳಿಲ್ಲ. ಗೋಡೆಯೊಳಗಿದ್ದಾನೆ ಎಂದುಕೊಂಡಷ್ಟು ದಿನ ಮಗ ಅವಳನ್ನು ಬಿಟ್ಟು ಹೋದವನಲ್ಲ. ಟಾರ್ಚ್ ಹಾಯಿಸುವಾಗ, ಒಂದು ಮೂಳೆಯಾದರೂ ಕಾಣಲಿ ಎಂದು ನನಗೂ ಅನಿಸಿತ್ತು. ಮಹಾಲಯ ಅಮಾವಾಸ್ಯೆ ಹತ್ತಿರ ಬಂತು. ಒಳಗೆ ಅಮ್ಮ ಎಳ್ಳು ಆರಿಸುತ್ತಿದ್ದಾಳೆ. ಪ್ರತಿವರ್ಷ ಸತ್ತವರ ಸಾಲಿನಲ್ಲಿ ಅವನಿಗೂ ಎಳ್ಳುನೀರು ಬಿಟ್ಟಿದ್ದೇನೆ. ಬಿಡುವಾಗ ಹೆಸರು ಹಿಡಿದು ಹೇಳಬೇಕು. ಶ್ರೀಪಾದ, ಈ ಸಲ ಹೇಳಲೇನೋ?