ಅಕ್ಕಿಯಲ್ಲಿ ಬರೆದ ಹೆಸರು

ಹುನಗುಂದ
೭ ಜನವರಿ ೨೦೨೫

ಪ್ರೀತಿಯ ಮುಬಶೀರಾ,

ಸಲಾಮ್. ಇಳಕಲ್ಲಿನಿಂದ ನೀನು ಕಳಿಸಿದ ಬಿ.ಎಡ್. ನೋಟ್ಸು ಕೈಸೇರಿ ತಿಂಗಳಾಯಿತು. ಮುಟ್ಟಿತು ಎಂದು ಒಂದು ಸಾಲು ಕೂಡ ಬರೆಯಲಿಲ್ಲ, ಸಿಟ್ಟಾಗಬೇಡ. ಇಂದು ಬರೆಯುತ್ತಿರುವುದೂ ನನ್ನ ಕೆಲಸಕ್ಕೇ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

ಬಿ.ಎ. ಮುಗಿಸಿ ಒಂಬತ್ತು ವರ್ಷದ ಮೇಲೆ ಬಿ.ಎಡ್. ಓದಲು ಮತ್ತೆ ಬಾಗಲಕೋಟೆಯ ಬಸ್ಸು ಹತ್ತಿದ್ದೇನೆ. ಫಾರ್ಮು ತಂದುಕೊಟ್ಟವರು ಇವರೇ. ನಮ್ಮತ್ತೆ ಪ್ರೇಮಾಬಾಯಿಯವರು ದಿನಾ ಮುಂಜಾನೆ, "ಮೊಮ್ಮಗಳೂ ಸಾಲಿಗಿ, ಸೊಸಿನೂ ಸಾಲಿಗಿ. ಡಬ್ಬಿ ಕಟ್ಟಾಕ ನಾ ಒಬ್ಬಾಕಿ," ಎನ್ನುತ್ತಲೇ ಎರಡೂ ಡಬ್ಬಿ ಕಟ್ಟುತ್ತಾರೆ. ಎರಡು ವರ್ಷದ ಮಗನೂ ಅವರ ಸೆರಗು ಹಿಡಿದೇ ಇರುತ್ತಾನೆ.

ನನ್ನ ಮದುವೆ ನೆನಪಿದೆಯೇ? ತಾಟಿನಲ್ಲಿ ಅಕ್ಕಿ ಹರವಿ, ಇವರು ಉಂಗುರದಿಂದ ನನಗೆ ಹೊಸ ಹೆಸರು ಬರೆದರು: ರುಕ್ಮಿಣಿ. ನೀನು ಹಿಂದಿನಿಂದ ಬಗ್ಗಿ ನೋಡಿ, "ಹೆಸರು ಚೊಲೊ ಐತಿ. ಆದ್ರ ನಾ ಮಾತ್ರ ಹಂಗ ಕರೆಯಾಂಗಿಲ್ಲ ನೋಡ ವಂದೂ," ಎಂದೆ. ಆಮೇಲೆ ಆಧಾರ್ ಕಾರ್ಡಿನಲ್ಲಿ, ರೇಶನ್ ಕಾರ್ಡಿನಲ್ಲಿ, ಓಣಿಯಲ್ಲಿ, ಎಲ್ಲ ಕಡೆ ರುಕ್ಮಿಣಿಯೇ. ವಂದನಾ ಉಳಿದದ್ದು ಅಂಕಪಟ್ಟಿಯಲ್ಲಿ, ಮತ್ತೆ ನಿನ್ನ ಬಾಯಲ್ಲಿ.

ಕಾಲೇಜಿನಲ್ಲಿ ಮೊದಲ ದಿನ ಹಾಜರಿ ಕರೆಯುವಾಗ "ವಂದನಾ" ಎಂದರು. ಯಾರಿರಬಹುದು ಎಂದು ನಾನೂ ಹಿಂದೆ ತಿರುಗಿ ನೋಡಿದೆ! ಮರುದಿನವೂ ಹಾಗೇ. ಪಕ್ಕದ ಹುಡುಗಿ ಸಾಜಿಯಾ, "ಅಕ್ಕಾರ, ಹೆಸರು ಮನ್ಯಾಗ ಬಿಟ್ಟು ಬಂದೀರೇನ್ರಿ?" ಎಂದಳು, ತರಗತಿಯೆಲ್ಲ ನಕ್ಕಿತು. ಆ ನಾಚಿಕೆಗೆ, ಆಮೇಲೆ ನೆನಪಾದರೂ "ಹಾಜರ್ರಿ" ಎನ್ನಲು ದನಿ ಹೊರಡುತ್ತಿರಲಿಲ್ಲ. ಕೂತಲ್ಲೇ ಗೈರಾಗುತ್ತಿದ್ದೆ. ಮಗನ ಜ್ವರದ ದಿನಗಳೂ ಸೇರಿ ಹಾಜರಿ ಕಡಿಮೆಬಿತ್ತು.

ಹೋದ ವಾರ ಆಫೀಸಿನವರು ಫೋನು ಮಾಡಿದರು, ಶನಿವಾರದೊಳಗೆ ಬಂದು ಅರ್ಜಿ ಕೊಟ್ಟರೆ ಪರೀಕ್ಷೆಗೆ ಕೂರಿಸುತ್ತೇವೆಂದು ಹೇಳಲು. ಎತ್ತಿದವಳು ಮಗಳು ಅನಘಾ. ಏಳು ವರ್ಷದ ಹುಡುಗಿ, "ವಂದನಾ ಅಂತ ನಮ್ಮನ್ಯಾಗ ಯಾರೂ ಇಲ್ರಿ," ಎಂದು ಇಟ್ಟುಬಿಟ್ಟಳು. ಶನಿವಾರ ಕಳೆಯಿತು.

ನಿನ್ನೆ ಹೋದರೆ ಪಟ್ಟಿಯಲ್ಲಿ ನನ್ನ ಹೆಸರಿಗೆ ಗೀಟು ಬಿದ್ದಿತ್ತು. ಪ್ರಾಂಶುಪಾಲರು, "ಮನ್ಯಾಗ ಅಂಥಾಕಿ ಇಲ್ಲಂತಾರ, ಆಧಾರದಾಗ ರುಕ್ಮಿಣಿ ಅದ. ನಾವು ಯಾರನ್ನ ಪರೀಕ್ಷಾಕ್ಕ ಕೂಡಸೂಣ್ರಿ? ಇಪ್ಪತ್ತರೊಳಗ ಅಫಿಡವಿಟ್ ತರ್ರಿ. ಇಲ್ಲಾಂದ್ರ ಈ ವರ್ಷ ಮುಗೀತು," ಎಂದರು. ಈ ವರ್ಷ ತಪ್ಪಿದರೆ ಮತ್ತೆ ಈ ಹೊಸ್ತಿಲು ದಾಟುತ್ತೇನೆಂಬ ನಂಬಿಕೆ ನನಗಿಲ್ಲ.

ಇಲ್ಲಿಯ ಕೋರ್ಟಿನ ಹತ್ತಿರ ವಕೀಲರು ಕಾಗದ ಟೈಪು ಮಾಡಿಸಿದ್ದಾರೆ: "ವಂದನಾ ಹಾಗೂ ರುಕ್ಮಿಣಿ ಎಂಬುವವರು ಒಬ್ಬರೇ." ನಾಲ್ಕು ಸಲ ಓದಿದೆ. ಓದಿದಷ್ಟೂ ಅನುಮಾನ. ಎರಡೂ ಹೆಸರಿನಿಂದ ಬಲ್ಲ, ಮನೆಯವರಲ್ಲದ ಒಬ್ಬರ ಸಹಿ ಬೇಕಂತೆ. ನಿನ್ನ ಹೊರತು ಯಾರಿದ್ದಾರೆ ಹೇಳು? ಸಂಕ್ರಾಂತಿ, ಮರುದಿನದ ಕರಿ ಮುಗಿದ ಮೇಲೆ ಗುರುವಾರ ಬಾ. ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ.

ನಿನ್ನ ತಾಯಿ ಕಾಸಿಂಬಿ ಅಮ್ಮನವರಿಗೆ ನನ್ನ ನಮಸ್ಕಾರ. ನಿನ್ನ ಮಕ್ಕಳು ನೂರು ಕಾಲ ಸುಖವಾಗಿರಲಿ.

ನಿನ್ನ,
ವಂದನಾ

ತಾ.ಕ.: ಸಹಿ ಮಾಡುವ ಮೊದಲು ನಿನಗೆ ಗೊತ್ತಿರಲಿ. ಆ ಫೋನು ಬಂದಾಗ ನಾನು ಅಲ್ಲೇ ರೊಟ್ಟಿ ಬಡಿಯುತ್ತಿದ್ದೆ. ಎಲ್ಲ ಕೇಳಿಸಿತು. ಇಡುವ ಮೊದಲು ಅನಘಾ ನನ್ನ ಕಡೆ ತಿರುಗಿ, "ಯಾರೂ ಇಲ್ಲ, ಹೌದಿಲ್ಲೋ ಅಮ್ಮಾ?" ಎಂದು ಕೇಳಿದಳು. ಆ ಹೆಸರಿನ ಗುರುತು ಸಿಗಲಿಲ್ಲವೋ, ಸಿಕ್ಕೂ ಸುಮ್ಮನಾದೆನೋ, ಇವತ್ತಿಗೂ ನನಗೆ ತಿಳಿಯುತ್ತಿಲ್ಲ. ನಾನು "ಹೂಂ" ಎಂದೆ.