ಅಮರಗುಂಡಪ್ಪನಿಗೆ ಎರಡು ದಿನದ ಬಿಡುವು

ತಮ್ಮಾ ಅಮರಗುಂಡಪ್ಪ,

ನಿನ್ನ ಪುಸ್ತಕಗಳನ್ನೆಲ್ಲ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇನೆ. ಕೀಲಿ ನನ್ನೊಂದಿಗೆ ಮಸ್ಕಿಗೆ ಬರುತ್ತದೆ, ಹುಡುಕಬೇಡ. ನಾಳೆ ಸಂಜೆ ಬಂದು ಕೊಡುತ್ತೇನೆ.

ನಿನ್ನ ಗೆಳೆಯ ಬಾಲಪ್ಪ ಬಂಡಿ ತರುತ್ತಾನೆ. ಅವನೊಂದಿಗೆ ಮುದಗಲ್ಲಿಗೆ ಹೋಗು. ಕೋಟೆ ಹತ್ತಿ ಮನಸಾರೆ ಕೂಗಾಡು. ರಾತ್ರಿ ಅವನ ಅಕ್ಕನ ಮನೆಯಲ್ಲಿ ಉಳಿದು ಬಾ.

ಅಪ್ಪ ತೀರಿಕೊಂಡಾಗಿನಿಂದ ನೀನು ಪುಸ್ತಕದಿಂದ ತಲೆ ಎತ್ತಿಲ್ಲ. ನಿನ್ನೆ ಉಣ್ಣುವಾಗಲೂ ಅದನ್ನು ಕೆಳಗಿಡಲಿಲ್ಲ. "ಮ್ಯಾಟ್ರಿಕ್ ಪಾಸಾಗಪಾ" ಎಂದು ಅಪ್ಪ ಹೇಳಿದ್ದು ನಿಜ. ನಗಬೇಡ ಎಂದು ಹೇಳಿರಲಿಲ್ಲ.

ದುಃಖದ ಮನೆ ಬಿಟ್ಟು ತಿರುಗಾಡಲು ಹೋದರೆ ಅವ್ವ ನೊಂದುಕೊಂಡಾಳೆಂದು ಅಂಜಬೇಡ. ನಸುಕಿನಲ್ಲೇ ಎದ್ದು ನಿನಗೆ ಬುತ್ತಿ ಕಟ್ಟಿದವಳು ಅವಳೇ. ಕಟ್ಟುತ್ತಾ ಅಂದಳು:

"ಅಂವ ನಕ್ಕೋತ ಬರ್ಲಿ. ಅವತ್ತ ನಾನೂ ಹೊಟ್ಟಿತುಂಬ ಉಣ್ತೀನಿ."

ನಿನ್ನ ಅಕ್ಕ,
ಬಸವಣ್ಣೆಮ್ಮ