ಉಸ್ತಾದರಿಲ್ಲದ ಗ್ಯಾರೇಜು

ಮಕ್ತಲ್,
ಡಿಸೆಂಬರ್ ೧೯೪೮

ಮಹಬೂಬ್ ಉಸ್ತಾದರಿಗೆ ನಿಮ್ಮ ಆದೆಪ್ಪನ ಸಲಾಮು.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ಫೌಜು ಬಂದಾಗ ನೀವು ಹೆದರಿ ಹೈದರಾಬಾದಿನ ಅಕ್ಕನ ಮನೆಗೆ ಹೋದಿರಿ. ಅಂದಿನಿಂದ ಗ್ಯಾರೇಜಿನಲ್ಲಿ ನಾನೊಬ್ಬನೇ.

ಹೋದ ವಾರ ನಮ್ಮೂರ ಡಾಕ್ಟರ ಕಾರು ನಾರಾಯಣಪೇಟೆ ದಾರಿಯಲ್ಲಿ ನಿಂತುಬಿಟ್ಟಿತು. ನೀವು ಕಲಿಸಿದಂತೆ ಕಾರ್ಬ್ಯುರೇಟರಿನ ಪೈಪು ಬಿಚ್ಚಿ, ಇಂಜಿನ್ನಿನ ಹ್ಯಾಂಡಲ್ ತಿರುಗಿಸಿ ನೋಡಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಇದ್ದರೂ ಪೈಪಿನಲ್ಲಿ ಹನಿಯೂ ಬರಲಿಲ್ಲ. ಪೆಟ್ರೋಲ್ ಎತ್ತುವ ಪಂಪನ್ನು ಬಿಚ್ಚಿದರೆ ಒಳಗಿನ ಪರದೆ ಹರಿದಿತ್ತು. ಕಾರನ್ನು ಗ್ಯಾರೇಜಿಗೆ ಎಳೆಸಿ ತಂದು, ರಾಯಚೂರಿನಿಂದ ಹೊಸ ಪಂಪು ತರಿಸಿ ಕೂರಿಸಿದೆ. ಇಂಜಿನ್ ಚಾಲೂ ಆದ ಖುಷಿಗೆ "ಉಸ್ತಾದ್, ನೋಡ್ರಿ!" ಎಂದು ಕೂಗಿಬಿಟ್ಟೆ. ಆಮೇಲೆ ನಾಚಿಕೆಯಾಗಿ ಕೈ ಒರೆಸುತ್ತಾ ನಿಂತೆ.

ಪಕ್ಕದಲ್ಲೇ ನಿಂತಿದ್ದ ಡಾಕ್ಟರು, "ಈಗ ಊರಾಗ ಗಲಾಟೆ ಏನಿಲ್ಲಪಾ. ಇದ ಕಾರ್ ತಗೊಂಡು ಹೋಗು, ಉಸ್ತಾದರನ್ನ ಕರಕೊಂಡು ಬಾ" ಎಂದರು.

"ಕರದ್ರ ಬರ್ತಾರೇನ್ರಿ?" ಎಂದೆ. ಕಾಗದ ಬರೆದು ಕೇಳು ಎಂದರು.

ನಿಮ್ಮ ಕೋಣೆ ಗುಡಿಸಿಟ್ಟಿದ್ದೇನೆ. ಬರುವುದಾದರೆ ಯಾವ ದಿನ ಎಂದು ತಿಳಿಸಿ, ಕಾರು ತರುತ್ತೇನೆ. ಬರುವುದಿಲ್ಲವಾದರೆ ಅದನ್ನೂ ಬರೆಯಿರಿ. ಆಗ ಬಸ್ಸು ಹಿಡಿದಾದರೂ ಬಂದು, ಒಮ್ಮೆ ನಿಮ್ಮನ್ನು ನೋಡಿ ಹೋಗುತ್ತೇನೆ.

ಇಂತಿ ನಿಮ್ಮ ಕೈಯಲ್ಲಿ ಕೆಲಸ ಕಲಿತ,
ಆದೆಪ್ಪ